ಹಳದಿ ಬಟ್ಟೆ, ಹನ್ನೆರಡು ನಿಮಿಷ

"ಗೇಟ್ ತೆಗೀರಿ ಮೇಡಂ. ಒಳಗೆ ಪೇಷಂಟ್ ಇದ್ದಾರೆ."

ಆಂಬುಲೆನ್ಸಿನ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ ಡ್ರೈವರ್ ಕೂಗಿ ಹೇಳಿದ. ಅವನ ತಲೆಯ ಮೇಲೆ ದೀಪ ಸುತ್ತುತ್ತಿತ್ತು, ಸೈರನ್ ಬಡಿದುಕೊಳ್ಳುತ್ತಿತ್ತು.

ರೈಲ್ವೆ ಗೇಟು ಕಾಯುವ ಅವಳು ಅಲ್ಲಾಡಲಿಲ್ಲ.

ಒಂದು ನಿಮಿಷದ ಹಿಂದಷ್ಟೇ ಅಡ್ಡಕಂಬ ಇಳಿಸಿ, ಬೀಗ ಹಾಕಿ, ಗೇಟು ಮುಚ್ಚಿದೆ ಎಂದು ಸ್ಟೇಷನ್ ಮಾಸ್ಟರಿಗೆ ಫೋನಿನಲ್ಲಿ ಮಾತು ಕೊಟ್ಟಿದ್ದಳು. ಆ ಮಾತು ನಂಬಿ ಅವರು ರೈಲಿಗೆ ಸಿಗ್ನಲ್ ಕೊಟ್ಟಾಗಿತ್ತು. ಇನ್ನು ದೇವರೇ ಬಂದು ಕೇಳಿದರೂ ತೆಗೆಯುವಂತಿಲ್ಲ.

ರೈಲು ಬಂತು. ಹದಿನೆಂಟು ಬೋಗಿಗಳು ಕಣ್ಣೆದುರು ಓಡಿದವು. ಕೊನೆಯ ಬೋಗಿ ದಾಟಿದ್ದೇ ತಡ, ಅವನು ಗೇರ್ ಹಾಕಿದ. ರಸ್ತೆ ಅಗಲ ಮಾಡಿದ ಮೇಲೆ ಅಡ್ಡಕಂಬ ಗಿಡ್ಡವಾಗಿ, ಬದಿಯಲ್ಲಿ ಒಂದು ವ್ಯಾನ್ ನುಸುಳುವಷ್ಟು ಜಾಗ ಉಳಿದಿತ್ತು. ಅವನ ಕಣ್ಣು ಅಲ್ಲಿಗೇ ಹೋಗಿದೆ ಎಂದು ಅವಳಿಗೆ ಗೊತ್ತಾಯಿತು.

ಓಡಿ ಹೋಗಿ ಆ ಸಂದಿಯಲ್ಲೇ ನಿಂತಳು. ಕೈಯಲ್ಲಿ ಕೆಂಪು ಬಾವುಟ. ವ್ಯಾನಿನ ಮೂತಿ ಅವಳ ಮೊಣಕಾಲಿಗೆ ಒಂದು ಗೇಣು ದೂರದಲ್ಲಿ ನಿಂತಿತು.

"ಆಚೆ ಲೈನಲ್ಲಿ ಇನ್ನೊಂದು ಬರ್ತಿದೆ," ಎಂದಳು. "ನಿಮ್ಮ ಸೈರನ್ ಗಲಾಟೆಲಿ ಅದು ನಿಮಗೆ ಕೇಳಿಸಲ್ಲ."

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಎದುರು ದಿಕ್ಕಿನಿಂದ ಎರಡನೆಯ ರೈಲು ಅವಳ ಬೆನ್ನ ಹಿಂದೆ ಹಾದುಹೋಯಿತು. ಅವಳ ದುಪಟ್ಟಾ ಗಾಳಿಗೆ ಹಾರಿ ವ್ಯಾನಿನ ಗಾಜಿಗೆ ಬಡಿಯಿತು.

ಅವನ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತು.

ಗೇಟು ತೆಗೆದಾಗ ಅವನು ಅವಳ ಕಡೆ ನೋಡದೆ ಹೋದ. ಅವಳೋ, ಗುಡಿಸಲಿನಂಥ ಆ ಗೇಟ್ ರೂಮಿಗೆ ಬಂದು ಕುರ್ಚಿಯಲ್ಲಿ ಕೂತವಳು ಎಷ್ಟೋ ಹೊತ್ತು ಏಳಲೇ ಇಲ್ಲ. ಆ ಪೇಷಂಟ್ ಏನಾದರೋ... ನಾನು ಮಾಡಿದ್ದು ಸರಿಯೋ, ತಪ್ಪೋ...

ಸಂಜೆ ಅವನೇ ಬಂದ, ಸೈರನ್ ಇಲ್ಲದೆ. ಒಳಗಿದ್ದದ್ದು ಕಟ್ಟಡದ ಸಾರುವೆಯಿಂದ ಬಿದ್ದ ಗಾರೆ ಕೆಲಸದವನಂತೆ, ಜೀವಕ್ಕೆ ಅಪಾಯವಿಲ್ಲವಂತೆ. ಇಷ್ಟು ಹೇಳಿ ತಲೆ ಕೆರೆದುಕೊಂಡ.

"ನಿಜ ಹೇಳ್ತೀನಿ, ರೈಲಿಗಿಂತ ನಿಮ್ಮ ಕಣ್ಣಿಗೇ ಜಾಸ್ತಿ ಹೆದರಿದ್ದು."

ಅವಳಿಗೆ ನಗು ತಡೆಯಲಾಗಲಿಲ್ಲ.

* * *

ಆಸ್ಪತ್ರೆ ಹಳಿಯ ಆಚೆ, ಊರಿನ ಅರ್ಧ ಭಾಗ ಈಚೆ. ಗೇಟಿಗೆ ಇನ್ನೂರು ಹೆಜ್ಜೆ ಇರುವಾಗ ರಸ್ತೆ ಕವಲೊಡೆಯುತ್ತಿತ್ತು. ನೇರ ಬಂದರೆ ಗೇಟು. ಎಡಕ್ಕೆ ಹೋದರೆ ಸೇತುವೆ, ಆದರೆ ಅದು ಹನ್ನೆರಡು ನಿಮಿಷದ ಸುತ್ತು. ಗೇಟು ಮುಚ್ಚಿದ್ದರೆ ಸುತ್ತೇ ಲೇಸು, ತೆರೆದಿದ್ದರೆ ನೇರ ದಾರಿ. ಕವಲಿಗೆ ಬಂದವನಿಗೆ ರೈಲು ಯಾವಾಗ ಬರುತ್ತದೆ ಎಂದು ಹೇಳುವವರು ಯಾರು? ಡ್ಯೂಟಿಯಲ್ಲಿ ಅವಳು ಮೊಬೈಲ್ ಮುಟ್ಟುವಂತಿರಲಿಲ್ಲ.

ಉಪಾಯ ಅವಳಿಗೇ ಹೊಳೆದದ್ದು. ಹತ್ತು ನಿಮಿಷದೊಳಗೆ ರೈಲು ಇದ್ದರೆ ಗೇಟ್ ರೂಮಿನ ಕಿಟಕಿಗೆ ಹಳದಿ ಬಟ್ಟೆ ಕಟ್ಟುವುದು. ಬಟ್ಟೆ ಕಂಡರೆ ಅವನು ಸೇತುವೆಗೆ ತಿರುಗುವುದು, ಕಾಣದಿದ್ದರೆ ನೇರ ಬರುವುದು. ಅಕ್ಕ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು, ಅವಳ ಬುಟ್ಟಿಯಿಂದ ಒಂದು ಗಜ ಲೈನಿಂಗ್ ಬಟ್ಟೆ ಎತ್ತಿಕೊಂಡು ಬಂದಳು.

ಐದು ತಿಂಗಳು ಆ ಬಟ್ಟೆ ಒಮ್ಮೆಯೂ ಸುಳ್ಳು ಹೇಳಲಿಲ್ಲ.

ಈ ಐದು ತಿಂಗಳಲ್ಲಿ ಖಾಲಿ ಗಾಡಿ ಹಿಂದಿರುಗುವಾಗೆಲ್ಲ ಗೇಟಿನ ಬಳಿ ಅದಕ್ಕೆ ಏನಾದರೊಂದು ರಿಪೇರಿ ಬರುತ್ತಿತ್ತು. ಒಂದು ದಿನ ವೈಪರ್, ಇನ್ನೊಂದು ದಿನ ಕನ್ನಡಿ. ಮನೆಯಲ್ಲಿ ಅಕ್ಕ ಅವನಿಗೆ 'ಸೈರನ್' ಎಂದೇ ಹೆಸರಿಟ್ಟಿದ್ದಳು. ಇವತ್ತು ಸೈರನ್ ಎಷ್ಟು ಸಲ ಕೆಟ್ಟು ನಿಂತಿತು ಎಂದು ದಿನಾ ಕೇಳುವಳು.

ಒಂದು ಮಂಗಳವಾರ ಅವನು ಯಾವ ರಿಪೇರಿಯ ನೆಪವನ್ನೂ ಹೇಳಲಿಲ್ಲ.

"ನಿಮ್ಮಕ್ಕನ ಹತ್ರ ಬಂದು ಮಾತಾಡ್ಲಾ?" ಎಂದು ಕೇಳಿದ.

ಅವಳ ಕೆನ್ನೆ ಬಿಸಿಯಾಯಿತು. ಯೋಚನೆ ಮಾಡಿ ನಾಳೆ ಹೇಳುತ್ತೇನೆ ಎಂದಳು. ಯೋಚಿಸುವುದಕ್ಕೆ ಏನೂ ಇರಲಿಲ್ಲ, ಆ ಒಂದು ರಾತ್ರಿ ಆ ಪ್ರಶ್ನೆಯನ್ನು ತಾನೊಬ್ಬಳೇ ಇಟ್ಟುಕೊಳ್ಳಬೇಕೆನಿಸಿತ್ತು, ಅಷ್ಟೇ.

* * *

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಗೂಡ್ಸ್ ಇದೆ ಎಂದು ಸ್ಟೇಷನ್ನಿನಿಂದ ಫೋನ್ ಬಂತು. ಬಟ್ಟೆ ಕಟ್ಟಿದಳು, ಗೇಟು ಹಾಕಿದಳು. ಎರಡೂ ಕಡೆ ಗಾಡಿಗಳು ಸಾಲುಗಟ್ಟಿದವು.

ಐದು ನಿಮಿಷದ ಬಳಿಕ ಮತ್ತೆ ಫೋನ್. ಗೂಡ್ಸ್ ಹಿಂದಿನ ಸ್ಟೇಷನ್ನಿನಲ್ಲೇ ನಿಂತಿದೆ, ಗೇಟು ತೆಗೆಯಬಹುದು.

ತೆಗೆದಳು. ಹಾರ್ನುಗಳು, ಬೈಗುಳ, ಎದುರುಬದುರು ನುಗ್ಗಿದ ಎರಡು ಲಾರಿ. ಅವುಗಳನ್ನು ಬಿಡಿಸಿ ಕಳಿಸುವಷ್ಟರಲ್ಲಿ ಬೆವರು ಇಳಿಯಿತು. ರಸ್ತೆ ಖಾಲಿಯಾಯಿತು. ಇವತ್ತು ಅವನಿಗೆ ಯಾವ ಮಾತಿನಲ್ಲಿ ಹೇಳಲಿ? ಬನ್ನಿ ಅಂದರೆ ಸಾಕೇ...

ಆಗ ಸೈರನ್ ಕೇಳಿಸಿತು.

ಕವಲಿನಲ್ಲಿ ಆಂಬುಲೆನ್ಸ್ ಒಂದು ಕ್ಷಣ ನಿಧಾನಿಸಿ, ಎಡಕ್ಕೆ ತಿರುಗಿತು.

ಯಾಕೆ ಅತ್ತ? ಗೇಟು ತೆರೆದೇ ಇದೆಯಲ್ಲ... ತಿರುಗಿ ನೋಡಿದಳು.

ಕಿಟಕಿಯಲ್ಲಿ ಹಳದಿ ಬಟ್ಟೆ.

ಕೈ ಬೀಸುತ್ತ ರಸ್ತೆಯಲ್ಲಿ ಓಡಿದಳು. ಸೈರನ್ ದೂರವಾಗುತ್ತ ಹೋಯಿತು. ಗೇಟು ಬಿಟ್ಟು ಹೆಚ್ಚು ದೂರ ಹೋಗುವಂತೆಯೂ ಇರಲಿಲ್ಲ. ಹಿಂದಿರುಗಿ ಬಂದು ಬಟ್ಟೆಯನ್ನು ಬಿಚ್ಚಿದಳು.

ಹನ್ನೆರಡು ನಿಮಿಷ. ಒಳಗೆ ಯಾರಿದ್ದರೋ. ಅವರಿಗೆ ಹನ್ನೆರಡು ನಿಮಿಷ ಇತ್ತೋ ಇಲ್ಲವೋ...

ಸಂಜೆ ಅವನು ಬಂದಾಗ ಅವಳು ಗೇಟ್ ರೂಮಿನ ಬಾಗಿಲು ಹಾಕಿಕೊಂಡಳು. ಹೊರಗಿನಿಂದ ಅವನು ಹೇಳಿದ್ದು ಕೇಳಿಸಿತು: ಪೇಟೆಯ ಸಲೂನಿನವರಿಗೆ ಪಾರ್ಶ್ವವಾಯು ಹೊಡೆದಿತ್ತಂತೆ, ಬಟ್ಟೆ ಕಂಡದ್ದು ಒಳ್ಳೆಯದಾಯಿತಂತೆ, ಇಲ್ಲದಿದ್ದರೆ ಗೇಟಿನಲ್ಲೇ ಸಿಕ್ಕಿಕೊಳ್ಳುತ್ತಿದ್ದನಂತೆ.

ಥ್ಯಾಂಕ್ಸ್ ಬೇರೆ ಹೇಳಿದ.

ಅದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ವಾಸಿಯಿತ್ತು.

ಮರುದಿನವೂ ಅವಳು ಹೊರಗೆ ಬರಲಿಲ್ಲ, ಅದರ ಮರುದಿನವೂ. ಕಿಟಕಿಗೆ ಬಟ್ಟೆಯನ್ನೂ ಕಟ್ಟಲಿಲ್ಲ. ಅವನು ಕೇಳಿದ ಪ್ರಶ್ನೆಗೆ ಇದೇ ಉತ್ತರ ಎಂದು ಅವನು ತಿಳಿದುಕೊಂಡ. ಬಾಯಿಬಿಟ್ಟು ಬೇಡ ಅಂದಿದ್ದರೂ ಸಾಕಿತ್ತು ಎಂದು ನೊಂದುಕೊಂಡ. ನಾಲ್ಕನೆಯ ದಿನದಿಂದ ಅವನ ಗಾಡಿ ಗೇಟಿನ ಬಳಿ ನಿಲ್ಲುವುದನ್ನು ಬಿಟ್ಟಿತು.

* * *

ಅಕ್ಕ ಎಲ್ಲ ಕೇಳಿಸಿಕೊಂಡು ಮಿಷನ್ನಿನ ಪೆಡಲ್ ನಿಲ್ಲಿಸಿದಳು.

"ಅವನಿಗೆ ಗೊತ್ತಿಲ್ಲ ತಾನೇ?"

"ಗೊತ್ತಿಲ್ಲ."

"ಹೇಳಿದ್ರೆ ಬಿಟ್ಟು ಹೋಗಬಹುದು ಕಣೇ."

"ಹೇಳದೆ ಕಟ್ಕೊಂಡ್ರೆ ಅಕ್ಕಾ, ದಿನಾ ಅವರಿಗೆ ತಟ್ಟೆ ಹಾಕುವಾಗೆಲ್ಲ ಆ ಬಟ್ಟೆ ನೆನಪಾಗುತ್ತೆ."

ಅಕ್ಕ ಸೂಜಿಗೆ ದಾರ ಪೋಣಿಸಿದಳು. ಆಮೇಲೆ, ನಾಳೆ ನಿನಗೆ ರಜೆಯಲ್ಲವೇ, ಆಸ್ಪತ್ರೆಗೆ ಹೋಗಿ ಬಾ ಎಂದಳು.

ಸಲೂನಿನವರು ಬದುಕಿದ್ದರು. ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ, ಕಿಟಕಿಯ ಪಕ್ಕದ ಮಂಚದಲ್ಲಿ, ಎಡಗೈಯಲ್ಲಿ ಒಂದು ಮೆತ್ತನೆಯ ಚೆಂಡು ಹಿಸುಕುತ್ತ ಕೂತಿದ್ದರು. ಬಲಗೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು.

ಗೇಟಿನವಳೆಂದು ಹೇಳಿಕೊಂಡು, ನಡೆದದ್ದೆಲ್ಲ ಒಂದೇ ಉಸಿರಿಗೆ ಹೇಳಿದಳು. ಅವರು ನಿಧಾನವಾಗಿ, ಒಂದೊಂದೇ ಶಬ್ದ ಹುಡುಕಿ ಮಾತಾಡಿದರು. ಬೆಳಿಗ್ಗೆ ಆರಕ್ಕೇ ಕೈ ಜೋಮು ಹಿಡಿದಿತ್ತಂತೆ. ಎರಡು ಗಿರಾಕಿಗಳ ಕೆಲಸ ಮುಗಿಸಿಯೇ ಹೇಳೋಣವೆಂದು ಸುಮ್ಮನಿದ್ದರಂತೆ.

"ನಿಂದು ಹನ್ನೆರಡು ನಿಮಿಷ. ನಂದು... ಐದು ಗಂಟೆ," ಎಂದರು. "ಈಗ ಎಡಗೈ ಕಲೀತಿದೀನಿ. ಕತ್ತರಿ ಹಿಡೀತೀನಿ. ತಲೆ ಕೊಡೋ ಧೈರ್ಯ ಯಾರಿಗಿದೆ ನೋಡಬೇಕು."

ಅವರು ಓರೆ ಬಾಯಲ್ಲಿ ನಕ್ಕರು. ಅವಳು ಅತ್ತಳು. ಅವರ ದೊಡ್ಡತನದಿಂದ ಅವಳ ತಪ್ಪು ಇನ್ನಷ್ಟು ಭಾರವಾಯಿತು.

ಕೆಳಗಿಳಿದಾಗ ಅವನು ಆಂಬುಲೆನ್ಸಿನ ಒಳಗೆ ಸ್ಟ್ರೆಚರ್ ಒರೆಸುತ್ತಿದ್ದ. ಅವಳನ್ನು ಕಂಡು ಒರೆಸುವುದನ್ನು ನಿಲ್ಲಿಸಿದ. ಮುಖದಲ್ಲಿ ಒಂದು ಆಸೆ ಬಂದು ಹೋಯಿತು.

"ಬುಧವಾರ ರೈಲು ಇರಲಿಲ್ಲ," ಎಂದಳು. "ಗೇಟು ತೆರೆದಿತ್ತು. ಬಟ್ಟೆ ಬಿಚ್ಚೋದು ಮರೆತುಬಿಟ್ಟೆ."

ಅವನು ಒರೆಸುವ ಬಟ್ಟೆ ಮಡಚಿ ಬದಿಗಿಟ್ಟ.

"ನಿಮಗೆ ಮುಖ ತೋರಿಸೋಕೆ ಆಗ್ಲಿಲ್ಲ. ನೀವು ಕೇಳಿದ ಮಾತಿಗೆ ಬೇಡ ಅಂತಲ್ಲ..."

ಅವನ ಸೊಂಟದ ವೈರ್‌ಲೆಸ್ ಗೊರಗೊರ ಎಂದಿತು. ಯಾವುದೋ ಮನೆಯಲ್ಲಿ ಯಾರಿಗೋ ಎದೆನೋವು. ಅವನು ಹಿಂಬಾಗಿಲು ಹಾಕಿ, ಸ್ಟೇರಿಂಗ್ ಮುಂದೆ ಕೂತ.

"ಹನ್ನೆರಡು ನಿಮಿಷ," ಎಂದ, ತನಗೇ ಹೇಳಿಕೊಳ್ಳುವಂತೆ. ಗಾಡಿ ಹೊರಟಿತು.

ಮುಗಿಯಿತು ಎಂದುಕೊಂಡಳು. ಆದರೂ ಆ ದಿನ, ಎಷ್ಟೋ ದಿನಗಳ ಮೇಲೆ ಅವಳಿಗೆ ಊಟ ಸೇರಿತು.

ಮರುದಿನ ಸ್ಟೇಷನ್ ಮಾಸ್ಟರಿಗೂ ಎಲ್ಲ ಬರೆದುಕೊಟ್ಟಳು. ಯಾರನ್ನು ಕೇಳಿ ಬಟ್ಟೆ ಕಟ್ಟಿದೆ ಎಂದು ಅವರು ಚೆನ್ನಾಗಿಯೇ ಬೈದರು. ಫೈಲಿನಲ್ಲಿ ಅವಳ ಹೆಸರಿನ ಮುಂದೆ ಒಂದು ಎಚ್ಚರಿಕೆ ಬಿತ್ತು.

* * *

ಹತ್ತು ದಿನ ಕಳೆದವು. ಹನ್ನೊಂದನೆಯ ದಿನ ಮಧ್ಯಾಹ್ನ, ಹಳಿಯ ಆಚೆಯಿಂದ ಅವನು ನಡೆದುಕೊಂಡು ಬಂದ. ಯೂನಿಫಾರ್ಮ್ ಇರಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ಒಂದು ಗುಂಡಿ ತಪ್ಪಿ ಹಾಕಿಕೊಂಡಿದ್ದ.

ಗೇಟಿನ ಆಚೆ ಬದಿಯಲ್ಲೇ ನಿಂತ. ಅವಳು ಈಚೆ. ನಡುವೆ ನಾಲ್ಕು ರೈಲು ಕಂಬಿ.

ಸಿಟ್ಟು ಬಂದಿತ್ತು ಎಂದು ಅವನು ಮುಚ್ಚುಮರೆ ಇಲ್ಲದೆ ಹೇಳಿದ. ಎರಡು ದಿನ ಯಾರ ಹತ್ತಿರವೂ ಮಾತಾಡಿರಲಿಲ್ಲವಂತೆ. ಮೂರನೆಯ ದಿನ ಡಾಕ್ಟರನ್ನು ಕೇಳಿದನಂತೆ, ಆ ಹನ್ನೆರಡು ನಿಮಿಷ ಉಳಿದಿದ್ದರೆ ಕೈ ಉಳಿಯುತ್ತಿತ್ತಾ ಎಂದು. ಹೇಳಲಾಗದು, ಉಳಿಯುತ್ತಲೂ ಇತ್ತೇನೋ, ಇಲ್ಲವೇನೋ ಎಂದರಂತೆ.

"ಅದು ಇಬ್ಬರಿಗೂ ಯಾವತ್ತೂ ಗೊತ್ತಾಗಲ್ಲ," ಎಂದ.

ಅವಳು ತಲೆಯಾಡಿಸಿದಳು. ಸುಳ್ಳು ಸಮಾಧಾನ ಹೇಳಲಿಲ್ಲವಲ್ಲ, ಅಷ್ಟೇ ಸಾಕೆನಿಸಿತು.

"ಆಮೇಲೆ ಒಂದಿನ ಆ ಕವಲಲ್ಲಿ ಗಾಡಿ ನಿಲ್ಲಿಸಿ ನೋಡ್ದೆ. ಅಲ್ಲಿಂದ ಅಡ್ಡಕಂಬ ಚೆನ್ನಾಗೇ ಕಾಣುತ್ತೆ. ಆ ಬುಧವಾರವೂ ಅದು ಮೇಲೇ ಎದ್ದು ನಿಂತಿತ್ತು. ನಾನು ಬಟ್ಟೆ ಒಂದನ್ನೇ ನೋಡ್ದೆ, ಗೇಟ್ ನೋಡ್ಲಿಲ್ಲ. ಸ್ಟೇರಿಂಗ್ ನನ್ನ ಕೈಲಿತ್ತು ತಾನೇ?"

ಅವಳ ಕಣ್ಣು ತುಂಬಿತು. ತಪ್ಪನ್ನು ಅವನು ಅವಳಿಂದ ಕಿತ್ತುಕೊಳ್ಳಲಿಲ್ಲ. ಪಕ್ಕದಲ್ಲಿ ನಿಂತು ಇನ್ನೊಂದು ತುದಿ ಹಿಡಿದ, ಅಷ್ಟೇ.

ಅವಳು ಬರೆದುಕೊಟ್ಟದ್ದು ಆಸ್ಪತ್ರೆಯವರೆಗೂ ಹೋಗಿತ್ತು. ಅವನೂ ಒಂದು ಅರ್ಜಿ ಹಾಕಿದ್ದ. ಇನ್ನು ಮೇಲೆ ಗೇಟು ಹಾಕುವ ಮೊದಲು ಸ್ಟೇಷನ್ನಿನವರೇ ಆಂಬುಲೆನ್ಸ್ ಕಂಟ್ರೋಲ್ ರೂಮಿಗೆ ಫೋನ್ ಮಾಡುತ್ತಾರೆ, ತೆಗೆದ ಮೇಲೂ ಮಾಡುತ್ತಾರೆ. ನಿನ್ನೆಯಿಂದಲೇ ಶುರುವಾಗಿದೆ ಎಂದ.

"ಒಳ್ಳೇದಾಯ್ತು," ಎಂದಳು. ಎದೆಯಲ್ಲಿ ಏನೋ ಖಾಲಿಯಾಯಿತು. "ಹಾಗಾದ್ರೆ ಇನ್ನು ನೀವು ಇಲ್ಲಿ ನಿಲ್ಲೋ ಕೆಲಸವೇ ಇಲ್ಲ."

"ಇಲ್ಲ," ಎಂದ. "ಅದಕ್ಕೇ ಇವತ್ತು ರಜೆ ಹಾಕಿ ಬಂದೆ. ಕೆಲಸ ಇಲ್ದೇನೂ ಬರ್ತೀನಿ ಅಂತ ನಿಮಗೆ ಗೊತ್ತಾಗ್ಲಿ ಅಂತ."

ಅವಳು ಅವನ ತಪ್ಪಿದ ಗುಂಡಿಯನ್ನೇ ನೋಡುತ್ತಿದ್ದಳು.

ಗೇಟ್ ರೂಮಿನಲ್ಲಿ ಫೋನ್ ಬಡಿದುಕೊಂಡಿತು. ಓಡಿ ಹೋಗಿ ಎತ್ತಿಕೊಂಡಳು. ಪ್ಯಾಸೆಂಜರ್ ಹೊರಟಿದೆ. ಹೊರಗೆ ಬಂದು, ಅಡ್ಡಕಂಬ ಇಳಿಸುವ ಹಿಡಿಕೆಗೆ ಕೈ ಹಾಕಿ ಅವನನ್ನು ನೋಡಿದಳು. ಅವನು ಇನ್ನೂ ಅಲ್ಲೇ ನಿಂತಿದ್ದ.

"ಗೇಟ್ ಹಾಕ್ಬೇಕು," ಎಂದಳು. "ಆಚೆನೇ ಇರ್ತೀರಾ, ಈಚೆ ಬರ್ತೀರಾ?"

ಅವನು ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಕಂಬಿಗಳನ್ನು ಒಂದೊಂದಾಗಿ ದಾಟಿ ಬಂದು ಅವಳ ಪಕ್ಕ ನಿಂತ.

"ಬಂದೆ. ಹಾಕಿ."

ಅವಳು ಹಿಡಿಕೆ ತಿರುಗಿಸಿದಳು. ಕಂಬ ಮೆಲ್ಲಗೆ ಇಳಿಯಿತು.

"ಅಕ್ಕ ಆರು ಗಂಟೆಗೆ ಮಿಷನ್ ನಿಲ್ಲಿಸ್ತಾಳೆ," ಎಂದಳು, ಅವನ ಕಡೆ ನೋಡದೆ. "ಆಮೇಲೆ ಬನ್ನಿ."

"ಆರಕ್ಕೆ ಒಂದು ನಿಮಿಷ ಮೊದಲು ಬಂದ್ರೆ?"

"ಬಾಗಿಲಲ್ಲೇ ಕಾಯಿಸ್ತಾಳೆ."

"ಕಾಯ್ತೀನಿ," ಎಂದ ಅವನು.