ಅಧ್ಯಕ್ಷರ ಹೆಸರಲ್ಲಿ

ಕುರಿ ಸಾಕಾಣಿಕೆದಾರರ ಸಂಘದಲ್ಲಿ ವರ್ಷಾನುಗಟ್ಟಲೆ ಕಾರ್ಯದರ್ಶಿಯಾಗಿ ಜೀವ ತೇದಿದ್ದ ರವೀಂದ್ರನನ್ನು ಅಧ್ಯಕ್ಷ ಕರಿಸಿದ್ದಪ್ಪ ಒಂದೇ ಮಾತಿನಲ್ಲಿ ಇಳಿಸಿದ್ದರು. "ದಣಿದಿದೀಯ ಕಣಪ್ಪ. ಇನ್ಮ್ಯಾಲೆ ನನ್ನ ತಮ್ಮನ ಮಗಳು ಕಾವ್ಯಶ್ರೀ ನೋಡ್ಕಂತಾಳೆ." ಲಸಿಕೆಯ ಸೂಚನೆ, ಸಭೆಯ ಕರೆ, ಸತ್ತವರಿಗೆ ಸಂತಾಪ ಎಲ್ಲವನ್ನೂ ಅಧ್ಯಕ್ಷರ ಫೋನಿನಿಂದ, ಅವರ ಹೆಸರಲ್ಲೇ ಸಂಘದ ವಾಟ್ಸಾಪ್ ಗ್ರೂಪಿಗೆ ಬರೆದು ಹಾಕಿದವನು ಇವನು, ಹಾರ ಬಿದ್ದದ್ದು ಅವರ ಕೊರಳಿಗೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ! ಈ ಸಲದ ಚುನಾವಣೆಯಲ್ಲಿ ಆ ಕುರ್ಚಿ ತನಗೇ ಬೇಕು ಎಂದು ನಿಶ್ಚಯಿಸಿದ.

ಹಿರಿಯೂರಿನ ಕರಿಸಿದ್ದಪ್ಪನವರ ಮನೆಗೆ ಹಿತೈಷಿಯಂತೆ ಹೋದ.

"ಕಾಲ ಕೆಟ್ಟೈತ್ರಿ. ಬಸ್‌ಸ್ಟ್ಯಾಂಡಿನ ಪುಕ್ಕಟೆ ವೈಫೈ ಮುಟ್ಬ್ಯಾಡ್ರಿ, ಓಟಿಪಿ ಯಾರಿಗೂ ಹೇಳ್ಬ್ಯಾಡ್ರಿ. ಫೋನ್ ಇತ್ಲಾಗ್ ಕೊಡ್ರಿ, ಒಂದು ಬೀಗ ಹಾಕಿಕೊಡ್ತೀನಿ."

"ನೀನಾದ್ರೂ ಐದೀಯಲ್ಲಪ್ಪ," ಎಂದು ಅವರು ಫೋನು ಕೊಟ್ಟು, ಕಾಫಿ ಹೇಳಲು ಒಳಗೆ ಹೋದರು. ಬರುವಷ್ಟರಲ್ಲಿ ಅವರ ವಾಟ್ಸಾಪ್ ಇವನ ಚೀಲದಲ್ಲಿದ್ದ ಹಳೆಯ ಟ್ಯಾಬಿಗೂ ಜೋಡಣೆಯಾಗಿತ್ತು. ಕಾಫಿ ಚೆನ್ನಾಗಿತ್ತು, ಇನ್ನೊಂದು ಲೋಟ ಕೇಳಿ ಕುಡಿದ.

ಮನೆಯ ವೈಫೈ ಬಳಸಿದರೆ ಜಾಡು ಮನೆಗೇ ಬರುತ್ತದೆ. ಅದಕ್ಕೇ ಚುನಾವಣೆಯ ಹಿಂದಿನ ದಿನ ಚಿತ್ರದುರ್ಗದ ಬಸ್ಸು ಹತ್ತಿದ. ತಾನು ಊರಲ್ಲೇ ಇದ್ದೆನೆಂದು ಟವರು ಸಾಕ್ಷಿ ಹೇಳಲಿ ಎಂದು ತನ್ನ ಫೋನನ್ನು ಮನೆಯಲ್ಲೇ ಬಿಟ್ಟಿದ್ದ. ಜನಜಂಗುಳಿಯ ಬಸ್‌ಸ್ಟ್ಯಾಂಡಿನಲ್ಲಿ, ತಾನೇ ಮುಟ್ಟಬೇಡಿ ಎಂದಿದ್ದ ಪುಕ್ಕಟೆ ವೈಫೈಗೆ ಸೇರಿ, ಅಧ್ಯಕ್ಷರ ಹೆಸರಲ್ಲಿ ಗ್ರೂಪಿಗೆ ಬರೆದ: "ಕುರಿಗೂ ಕುರಿ ಕಾಯುವವರಿಗೂ ಏನು ವ್ಯತ್ಯಾಸ? ಸೊಪ್ಪು ತೋರಿಸಿದರೆ ಸಾಕು, ನನ್ನ ಹಿಂದೆಯೇ ಬರುತ್ತವೆ. ಓಟು ಎಲ್ಲಿಗೆ ಹೋದೀತು!" ಒಂದಕ್ಷರಕ್ಕೂ ತಡಕಾಡಲಿಲ್ಲ. ಅವರ ಹೆಸರಲ್ಲಿ ಬರೆಯುವುದು ಉಸಿರಾಡಿದಷ್ಟೇ ರೂಢಿ. ಅವರು ಕಂಡು ಅಳಿಸುವಷ್ಟರಲ್ಲಿ ಗ್ರೂಪಿನ ಅರ್ಧ ಜನ ಓದಿರುತ್ತಾರೆ.

ಹಿರಿಯೂರಿಗೆ ಮರಳಿ, ವೇದಾವತಿ ಸೇತುವೆಯ ಮೇಲಿಂದ ಟ್ಯಾಬನ್ನು ನೀರಿಗೆ ಬಿಟ್ಟ. ಮನೆಗೆ ಬಂದು ಕೈಕಾಲು ತೊಳೆದು, ಬೈಗುಳಗಳ ಹಬ್ಬ ನೋಡಲು ಫೋನು ತೆಗೆದ.

ಬೈಗುಳ ಒಂದೂ ಇರಲಿಲ್ಲ. ಸಂಘದ ಹಳೇ ಸದಸ್ಯೆ ಉಚ್ಚಂಗಮ್ಮನ ದನಿ ಸಂದೇಶವೊಂದೇ ಗ್ರೂಪಿನಲ್ಲಿತ್ತು: "ರವೀಂದ್ರ, ಮೊಮ್ಮಗಳು ಓದಿ ಹೇಳಿದ್ಲು ಕಣಪ್ಪ. ನಮ್ಮ ಕರಿಸಿದ್ದಪ್ಪ ಫೋನಾಗೆ ಮಾತಾಡಿ ಕಳಿಸ್ತಾನೇ ಹೊರ್ತು, ಅಕ್ಷರ ಒತ್ತಾಕೆ ಯಾವತ್ತಾದ್ರೂ ಬಂದೈತಾ? ಕಾವ್ಯಶ್ರೀ ಬರದ್ರೆ ಅವಳ ಹೆಸರೇ ಇರ್ತೈತೆ. ಅವನ ಹೆಸರಾಗೆ ಬರಿಯೋನು ಈ ಲೋಕದಾಗೆ ನೀನೊಬ್ನೇ ಅಲ್ವೇನಪ್ಪ?"