ಮುದುಕ ಹೇಳದ ‘ನಾವು’

ಆರ್ಲೋ ಬಿಕ್‌ಫರ್ಡ್ ಕುರ್ಚಿಯಲ್ಲೇ ಸತ್ತಿದ್ದ. ಗದ್ದ ಮಾತ್ರ ಮೇಲಕ್ಕೆದ್ದಿತ್ತು. ಎದುರಿನವನ ಮಾತು ಮುಗಿಯಲಿ, ಆಮೇಲೆ ನೋಡಿಕೊಳ್ಳುತ್ತೇನೆ ಅನ್ನುವ ಹಾಗೆ.

ಬಾಗಿಲು ತೆರೆದವಳು ಹೆಸ್ಟರ್ ಕ್ವಿನ್, ಕಾಲ್ಡರ್ ಕ್ರೀಕ್‌ನ ವಾರಪತ್ರಿಕೆಯ ಸಂಪಾದಕಿ. ಶನಿವಾರದ ಕಾಫಿಗೆ ಮುದುಕ ಬರಲಿಲ್ಲವೆಂದು ಹಿಮ ತುಳಿದುಕೊಂಡು ಬಂದಿದ್ದಳು. ಒಳಗೆ ಕಾಲಿಟ್ಟೊಡನೆ ತಲೆ ಸುತ್ತಿತು. ಕಿಟಕಿಯ ಗಾಜು ಒಡೆದು ಉಸಿರೆಳೆದುಕೊಂಡಳು. ಸೌದೆ ಒಲೆಯ ಹೊಗೆಕೊಳವೆಯನ್ನು ಯಾರೋ ಪೂರ್ತಿ ಮುಚ್ಚಿದ್ದರು; ಕೋಣೆ ತುಂಬ ವಿಷಗಾಳಿ. ಮುಚ್ಚಲು ಹಗ್ಗದಂತೆ ಹೊಸೆದ ಕಬ್ಬಿಣದ ಹಿಡಿಯೊಂದಿತ್ತು. ಅದು ಸುಡುತ್ತದೆಂದು ಮುದುಕ ಹಳೆಯ ಕಾಲುಚೀಲ ಸುತ್ತಿ ಹಿಡಿಯುತ್ತಿದ್ದ. ಕಾಲುಚೀಲ ಮೊಳೆಯಲ್ಲೇ ನೇತಾಡುತ್ತಿತ್ತು. ಒಲೆಯೊಳಗೆ ಕಾಗದದ ಬೂದಿ.

“ತಾನೇ ಮುಚ್ಚಿಕೊಂಡಿದ್ದಾನೆ,” ಎಂದ ಷೆರಿಫ್ ಮಾರ್ವಿನ್ ಪೋಪ್, ಬಂದು ನೋಡಿ.

“ಯಾಕೆ?”

“ಪಶ್ಚಾತ್ತಾಪ. ಇವನ ಶಿಷ್ಯ ಲೈಲ್ ವೆದರ್ಬಿ ಊರಲ್ಲಿದ್ದಾನಲ್ಲ, ಅವನೇ ಹೇಳಿದ. ನಿನ್ನೆ ಇಲ್ಲಿಗೆ ಬಂದಿದ್ದನಂತೆ. ‘ಬರೆದಿದ್ದೆಲ್ಲ ತಪ್ಪು’ ಅಂತ ಮುದುಕ ಅತ್ತನಂತೆ. ಹೊಸ ಪುಸ್ತಕದ ಹಸ್ತಪ್ರತಿನ ತಾನೇ ಒಲೆಗೆ ಹಾಕಿದನಂತೆ.”

“ಆರ್ಲೋ ಅತ್ತನಾ? ಈರುಳ್ಳಿ ಹೆಚ್ಚುವಾಗಲೂ ಅದರ ಜೊತೆ ಜಗಳ ಆಡೋನು!”

ಷೆರಿಫ್ ನಗಲಿಲ್ಲ. ಹೆಸ್ಟರ್ ಕೂಡ ನಗಿಸಲು ಹೇಳಿರಲಿಲ್ಲ.

ಮೊದಲ ಮಹಾಯುದ್ಧ ಬೇಡವೆಂದು ವೋಟು ಕೇಳಿ, ಗೆದ್ದ ಮೇಲೆ ಹುಡುಗರನ್ನು ಹಡಗು ಹತ್ತಿಸಿದ ಸರ್ಕಾರದ ಸುಳ್ಳುಗಳನ್ನು ಇತಿಹಾಸಕಾರ ಆರ್ಲೋ ಜೀವಮಾನವಿಡೀ ಹೆಕ್ಕಿ ತೆಗೆದಿದ್ದ. ಒಲ್ಲೆ ಎಂದವರನ್ನು ಜೈಲಿಗೆ ತಳ್ಳಿದ ಕಥೆ ಬರೆದಿದ್ದಕ್ಕೆ ವಿಶ್ವವಿದ್ಯಾಲಯ ಅವನನ್ನು ಹೊರಗೆ ತಳ್ಳಿತು. ಕಾರ್ ಷೆಡ್ಡಿನಲ್ಲಿ ಯಂತ್ರವಿಟ್ಟುಕೊಂಡು ತನ್ನ ಪುಸ್ತಕ ತಾನೇ ಅಚ್ಚು ಹಾಕಿದ. ಅವನ ಅರ್ಧ ಅಭಿಪ್ರಾಯಗಳು ಹೆಸ್ಟರ್‌ಗೆ ಹಿಡಿಸುತ್ತಿರಲಿಲ್ಲ. ಅಂಚೆಪೆಟ್ಟಿಗೆಯಲ್ಲೂ ದಬ್ಬಾಳಿಕೆ ಕಾಣುವವನ ಜೊತೆ ಎಷ್ಟು ಹೊತ್ತು ಕೂರಲಾದೀತು? ಆದರೆ ಬದುಕಿದ್ದಾಗ ಯಾರಿಗೂ ಮಣಿಯದವನನ್ನು ಸತ್ತ ಮೇಲೆ ಮಂಡಿಯೂರಿಸುವುದು! ಅದನ್ನು ಅವಳು ಅಚ್ಚು ಹಾಕಲಾರಳು.

* * *

ಷೆರಿಫ್‌ಗೆ ಅನುಮಾನಪಡಲೇಬೇಕಿದ್ದರೆ ಒಬ್ಬನಿದ್ದ. ದನ ಸಾಕುವ ಗಸ್ ಲಿಂಡ್‌ಕ್ವಿಸ್ಟ್. “ನಮ್ಮ ನೆಲ್ಸ್ ಹೆಸರು ಪುಸ್ತಕದಲ್ಲಿ ಬಂದರೆ ಸುಟ್ಟುಹಾಕ್ತೀನಿ,” ಎಂದು ಅವನು ಇಡೀ ಹೋಟೆಲಿನೆದುರು ಕೂಗಾಡಿದ್ದ. ನೆಲ್ಸ್ ಅವನ ಅಣ್ಣ. ೧೯೧೮ರಲ್ಲಿ ರಣರಂಗದಲ್ಲಿ ಮಡಿದ ಊರಿನ ವೀರ.

“ಸುಡ್ತೀನಿ ಅಂದಿದ್ದು ನಿಜ,” ಎಂದ ಗಸ್, ಹೆಸ್ಟರ್ ಅವನ ಮನೆಗೆ ಹೋಗಿ ಕೇಳಿದಾಗ. “‘ಮೊದಲು ಓದಯ್ಯಾ, ಆಮೇಲೆ ಕಡ್ಡಿ ಗೀರು’ ಅಂದ ಆರ್ಲೋ. ಅಣ್ಣನ ಅಧ್ಯಾಯ ಕೊಟ್ಟ. ಓದಿದೆ.”

“ಏನಿತ್ತು?”

“ನೆಲ್ಸ್ ಹಡಗೇ ಹತ್ತಿರಲಿಲ್ಲ, ಹೆಸ್ಟರ್. ತರಬೇತಿ ಶಿಬಿರದಲ್ಲಿ ಹೊದೆಯೋಕೆ ಕಂಬಳಿ ಇಲ್ಲದೆ ಜ್ವರ ಬಂದು ಸತ್ತ. ಅವ್ವನಿಗೆ ಸುಳ್ಳು ಹೇಳಿದರು.” ಗಸ್ ಮೇಜು ಗುದ್ದಿದ. “ಅಚ್ಚಾಗಲಿ ಅಂತ ನಾನೇ ಅಂದೆ. ಈಗ ಈ ಹಾಳೆಗಳು ಬಿಟ್ಟರೆ ಎಲ್ಲ ಬೂದಿ.”

“ಅವನು ತಪ್ಪೊಪ್ಪಿಕೊಂಡನಂತಲ್ಲ?”

“ಆರ್ಲೋನಾ? ಎಪ್ಪತ್ತು ದಾಟಿದೋನಿಗೆ ನನಗೇ ಪೈ ಕಕ್ಕಿಸಿದ್ದಾನೆ.”

ಅದು ಹೋಟೆಲಿನ ಶನಿವಾರದ ಕಾಫಿ ಮೇಜಿಗೆ ಆರ್ಲೋ ಹಾಕಿದ್ದ ಕಟ್ಟಳೆ. ಸರ್ಕಾರ ಮಾಡಿದ್ದಕ್ಕೆ ಯಾರಾದರೂ ‘ನಾವು’ ಅಂದರೆ ಎಲ್ಲರಿಗೂ ಸೇಬಿನ ಪೈ ತಿಂಡಿ ಕೊಡಿಸಬೇಕು. “ನಾವು ಜರ್ಮನಿಯನ್ನು ಸೋಲಿಸಿದೆವು” ಅಂತ ಗಸ್ ಬಾಯಿ ತಪ್ಪಿದಾಗ ಆರ್ಲೋ ಕೇಳಿದ್ದ: “ನೀನು ಯಾವ ಕಂದಕದಲ್ಲಿದ್ದೆ? ಮೂಗು ಸೋರಿಸ್ಕೊಂಡು ಶಾಲೆಗೆ ಹೋಗ್ತಿದ್ದೆ. ಹೋದವರು ಬೇರೆ, ಕಳಿಸಿದವರು ಬೇರೆ. ಪೈ!”

* * *

ಸಂತಾಪಸಭೆ ಅದೇ ಹೋಟೆಲಿನಲ್ಲಿ ನಡೆಯಿತು. ಸರ್ಕಾರಿ ಸಭಾಂಗಣದಲ್ಲಿ ಮಾಡಿದ್ದರೆ ಮುದುಕ ಶವಪೆಟ್ಟಿಗೆಯಿಂದೆದ್ದು ಹೊರಟುಬಿಡುತ್ತಿದ್ದ.

ಲೈಲ್ ವೆದರ್ಬಿ ಕಪ್ಪು ಸೂಟಿನಲ್ಲಿ ಎದ್ದು ನಿಂತ. ವಾಷಿಂಗ್ಟನ್ನಿನಲ್ಲಿ ಅವನದೊಂದು ಸಂಸ್ಥೆ. ಹೆಸರು ಬಿಕ್‌ಫರ್ಡ್‌ನದು, ಊಟ ಸೇನಾಪತಿಗಳ ಜೊತೆ. ಮುದುಕನ ಪುಸ್ತಕಗಳ ಹಕ್ಕೂ ಇವನಿಗೇ. ಬಲಗೈಗೆ ಪಟ್ಟಿ ಸುತ್ತಿತ್ತು. ಕಾರಿನ ರೇಡಿಯೇಟರ್ ಸುಟ್ಟಿತಂತೆ.

“ಕೊನೆಗೆ ಗುರುಗಳು ನನ್ನ ಕೈ ಹಿಡಿದು ಅಂದರು,” ಎಂದ ಲೈಲ್. “‘ನನ್ನದು ತಪ್ಪಾಯ್ತು, ಲೈಲ್. ನಾವು ಆ ಯುದ್ಧಕ್ಕೆ ಹೋಗಲೇಬೇಕಿತ್ತು. ನಾವು ಹೋಗಿ ಜಗತ್ತನ್ನು ಉಳಿಸಿದೆವು.’”

“ಪೈ!” ಹಿಂದಿನ ಮೇಜಿನಿಂದ ಗಸ್ ಅರಚಿದ. ಅಭ್ಯಾಸಬಲ.

ಯಾರೋ ಕಿಸಕ್ಕೆಂದರು.

ಹೆಸ್ಟರ್ ಎದ್ದಳು. “ಇನ್ನೊಂದು ಸಲ ಹೇಳು, ಲೈಲ್. ಯಾರು ಹೋದರು ಅಂದ?”

“ನಾವು. ಅಂದರೆ... ಅಮೆರಿಕ.”

“ಆರ್ಲೋ ಜ್ವರದಲ್ಲಿ ಬಡಬಡಿಸುವಾಗಲೂ ‘ಅವರು’ ಅಂತಿದ್ದವನು. ನೀನೂ ಈ ಮೇಜಲ್ಲಿ ಕೂತು ನಮ್ಮ ಹತ್ತಿರ ಪೈ ವಸೂಲಿ ಮಾಡಿದವನೇ. ಮರೆತೆಯಾ?”

“ಸಾಯೋ ಹೊತ್ತಲ್ಲಿ ಮನುಷ್ಯ ಹೇಗೆ ಬೇಕಾದರೂ ಮಾತಾಡ್ತಾನೆ!”

“ಸಾಯೋ ಹೊತ್ತು ಅಂತ ನಿನಗೆ ಆಗಲೇ ಗೊತ್ತಿತ್ತಾ?”

ಲೈಲ್ ಪಟ್ಟಿ ಸುತ್ತಿದ ಕೈಯನ್ನು ಬೆನ್ನ ಹಿಂದೆ ಸರಿಸಿದ.

“ಆ ಪಟ್ಟಿ ಬಿಚ್ಚಿ,” ಎಂದ ಷೆರಿಫ್ ಮೆಲ್ಲಗೆ.

ಲೈಲ್ ಬಿಚ್ಚಲಿಲ್ಲ, ಷೆರಿಫ್ ಬಿಚ್ಚಿದ. ಅಂಗೈಗೆ ಅಡ್ಡಲಾಗಿ ಕೆಂಪಗೆ, ಹಗ್ಗದ ಹೊಸೆತದ ಗುರುತು. ಗಸ್ ಬಗ್ಗಿ ನೋಡಿದ.

“ಆಯುಷ್ಯವೆಲ್ಲ ಕಾದ ಕಬ್ಬಿಣದಲ್ಲಿ ದನಕ್ಕೆ ಮುದ್ರೆ ಒತ್ತಿದ್ದೀನಿ. ಇಷ್ಟು ಚೊಕ್ಕವಾಗಿ ನನ್ನ ಕೈಲೂ ಬಿದ್ದಿಲ್ಲ.”

* * *

“ಅವನಿಗೆ ಬಂಡುಕೋರನ ಹೆಸರು ಬೇಕಿತ್ತು, ಬಂಡಾಯ ಬೇಡವಾಗಿತ್ತು,” ಎಂದಳು ಹೆಸ್ಟರ್, ಲೈಲ್‌ನನ್ನು ಕರೆದೊಯ್ದ ಮೇಲೆ. “ಈ ಪುಸ್ತಕ ಬಂದರೆ ಸೇನಾಪತಿಗಳು ಎದ್ದು ಹೋಗ್ತಿದ್ದರು. ಊಟವಾದ ಮೇಲೆ ಮುದುಕ ಕುರ್ಚಿಯಲ್ಲೇ ನಿದ್ದೆ ಹೋಗ್ತಾನೆ ಅಂತ ಶಿಷ್ಯನಿಗೆ ಗೊತ್ತು. ಹಾಳೆಗಳನ್ನು ಕೆಂಡದ ಮೇಲೆ ತುರುಕಿ ಕೊಳವೆ ಮುಚ್ಚಿದ. ಕಾಲುಚೀಲದ ವಿಷಯ ಗೊತ್ತಿರಲಿಲ್ಲ. ಬರಿಗೈ ಹಾಕಿದ. ಆರ್ಲೋ ತಾನೇ ಮುಚ್ಚಿ ಕಾಲುಚೀಲವನ್ನು ಮತ್ತೆ ಮೊಳೆಗೆ ಹಾಕಿರಬಹುದು ಅಂತಲೇ ಇಟ್ಟುಕೊಳ್ಳಿ, ಆದರೆ ಲೈಲ್‌ನ ಕೈ ಯಾಕೆ ಸುಡಬೇಕು?”

“ಆ ‘ನಾವು’ ಒಂದು ಅವನ ಬಾಯಿಂದ ಬರದಿದ್ದರೆ ನಾನು ನಂಬಿಬಿಡ್ತಿದ್ದೆ,” ಎಂದ ಷೆರಿಫ್.

“ಇಷ್ಟು ವರ್ಷ ಅವರ ಪಂಕ್ತಿಯಲ್ಲಿ ಕೂತವನಿಗೆ ಬೇರೆ ಮಾತು ಎಲ್ಲಿಂದ ಬರಬೇಕು?”

ಗಸ್ ಉಳಿದ ಹಾಳೆಗಳನ್ನು ಅವಳ ಮುಂದಿಟ್ಟ. ಮೇಲೆ ಅವ್ವನ ಗೋಡೆಯಿಂದ ಇಳಿಸಿ ತಂದ, ಕಟ್ಟು ಹಾಕಿಸಿದ, ನೆಲ್ಸ್ ಸತ್ತನೆಂದು ಸರ್ಕಾರ ಕಳಿಸಿದ್ದ ತಂತಿ ಸಂದೇಶ.

“ನಿನ್ನ ಪತ್ರಿಕೆಯ ಮೊದಲ ಪುಟಕ್ಕೆ. ಇದೂ ಬರಲಿ.”

ಹೆಸ್ಟರ್ ಓದಿದಳು. *ನಾವು ಒಬ್ಬ ವೀರನನ್ನು ಕಳೆದುಕೊಂಡಿದ್ದೇವೆ.*

“ನಾವಂತೆ, ನಾವು,” ಎಂದ ಗಸ್. “ಕಳಕೊಂಡಿದ್ದು ನಮ್ಮವ್ವ.”