ಹಗ್ಗದ ತುದಿಯಲ್ಲಿ ನೀನು

ಹಗ್ಗ ಉಲ್ಟಾ ಕೂತಿತ್ತು.

ಅಗ್ನಿಶಾಮಕ ಠಾಣೆಯ ಹಿಂದಿದ್ದ ತರಬೇತಿ ಗೋಪುರದ ಮೇಲೆ ನಿಂತು, ತಾನೇ ಕೈಯಾರೆ ಹಾಕಿದ ಹಗ್ಗವನ್ನು ಅವಳು ನಂಬಲಾರದೆ ನೋಡಿದಳು. ಮನುಷ್ಯರನ್ನು ನಿಧಾನವಾಗಿ ಕೆಳಗಿಳಿಸುವ ಆ ಅಂಗೈಯಗಲದ ಲೋಹದ ಸಾಧನದ ಮೇಲೆ, ಭಾರ ಯಾವ ಕಡೆ, ಕೈ ಯಾವ ಕಡೆ ಎಂದು ಚಿತ್ರವನ್ನೇ ಕೆತ್ತಿದ್ದರು. ಆದರೂ ತಪ್ಪಾಗಿತ್ತು. ಯಾರನ್ನೇ ಇಳಿಸುವ ಮೊದಲು ಹಗ್ಗ ಜಗ್ಗಿ, ಸಾಧನ ಅದನ್ನು ಕಚ್ಚಿ ಹಿಡಿಯುತ್ತದೆಯೇ ಎಂದು ನೋಡುವುದು ನಿಯಮ. ಅವಳು ಜಗ್ಗಿದಾಗ ಅದು ಕಚ್ಚಲಿಲ್ಲ, ಹಗ್ಗ ಸರ್ರನೆ ಜಾರಿತು.

“ಚೆಕ್ ಮಾಡೋದು ಇದಕ್ಕೇ. ಸರಿ ಮಾಡು,” ಎಂದರು ಕ್ಯಾಪ್ಟನ್. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಇಳಿಯಬೇಕಾಗಿದ್ದವನು ರಕ್ಷಣಾ ತಂಡದಲ್ಲಿದ್ದ ಆಂಬುಲೆನ್ಸಿನ ನರ್ಸ್. ಗೋಡೆಗೆ ಒರಗಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಾ, ಸ್ವಲ್ಪ ಹೊತ್ತಿನ ಹಿಂದೆ, “ಪ್ರಾಣ ನಿಮ್ಮ ಕೈಲಿದೆ. ಒಂಚೂರು ನಗ್ತಾ ಹಿಡ್ಕೊಳ್ಳಿ,” ಅಂದಿದ್ದ. ಅವಳು ತಲೆಯೆತ್ತಿದ್ದಳು. ಅವನ ಎಡಗೆನ್ನೆಯ ಗುಳಿಯಲ್ಲಿ ಬಿಸಿಲು ಕೂತಿತ್ತು. ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನೋಡಿದ್ದಳು. ಆ ಗಳಿಗೆಯಲ್ಲೇ ಬೆರಳು ದಾರಿ ತಪ್ಪಿತ್ತು.

ತಂಡದಲ್ಲಿ ಎಲ್ಲರೂ ಅವಳನ್ನು ಬ್ರೇಕಕ್ಕ ಎನ್ನುತ್ತಿದ್ದರು. ಹಗ್ಗ ಅವಳ ಕೈಯಲ್ಲಿದ್ದರೆ ಇಳಿಯುವವರು ನಿಶ್ಚಿಂತೆಯಿಂದ ಹಾಡು ಗುನುಗುತ್ತಾ ಇಳಿಯುತ್ತಿದ್ದರು. ಆ ಬ್ರೇಕಕ್ಕನೇ ಅಂದು ತಪ್ಪಿದ್ದಳು. ಅವಳನ್ನು ಬಿಟ್ಟರೆ ತಂಡದಲ್ಲಿ ಹಗ್ಗ ಹಿಡಿಯುತ್ತಿದ್ದವನು, ಎಲ್ಲರೂ ಗಡ್ಡದವ ಎನ್ನುತ್ತಿದ್ದ ಇನ್ನೊಬ್ಬ. ಅಭ್ಯಾಸ ಮುಗಿದ ಮೇಲೆ ಅವಳು ಕ್ಯಾಪ್ಟನ್ ಹತ್ತಿರ ಹೋದಳು.

“ಸರ್, ನರ್ಸ್‌ನ ನನ್ನ ಹಗ್ಗದಿಂದ ತೆಗೀರಿ. ಗಡ್ಡದವನ ಜೊತೆ ಹಾಕಿ.”

“ಕಾರಣ?”

“ನನಗೆ ಹೊಂದಲ್ಲ.”

ತಿರುಗಿದರೆ ಬಾಗಿಲಲ್ಲಿ ಅವನೇ ನಿಂತಿದ್ದ, ಕೈಯಲ್ಲಿ ಎರಡು ಕಪ್ ಚಹಾ ಹಿಡಿದು. ಒಂದನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹೊರಟುಹೋದ. ಅವಳು ಅದನ್ನು ಕುಡಿಯಲೂ ಆಗದೆ ಚೆಲ್ಲಲೂ ಆಗದೆ, ಆರುವ ತನಕ ಎದುರಿಗಿಟ್ಟುಕೊಂಡು ಕೂತಳು.

ಆಮೇಲೆ ಅವನು ನಗಿಸಲು ಬರಲಿಲ್ಲ. ಎದುರಾದರೆ ದಾರಿ ಬಿಡುತ್ತಿದ್ದ. ಮುಂಚಿಗಿಂತ ಹೆಚ್ಚು ಮರ್ಯಾದೆ ಕೊಡುತ್ತಿದ್ದ, ಅದೇ ಅವಳಿಗೆ ಮುಳ್ಳಾಗುತ್ತಿತ್ತು. ಗಡ್ಡದವನ ಹಗ್ಗದಲ್ಲಿ ಅವನು ಇಳಿಯುವಾಗ ಅವಳು ಬೇರೆಲ್ಲೋ ನೋಡುತ್ತಿರುವಂತೆ ನಿಲ್ಲುತ್ತಿದ್ದಳು, ಅವನ ಕಾಲು ನೆಲ ಮುಟ್ಟಿದ ಸದ್ದು ಕೇಳಿದ ಮೇಲೆಯೇ ಉಸಿರು ಬಿಡುತ್ತಿದ್ದಳು.

ಅವಳಿದ್ದದ್ದು ಚಿಕ್ಕಮ್ಮನ ಮನೆಯಲ್ಲಿ. ಮನೆಯಲ್ಲಿ ಇಬ್ಬರೇ. ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂತವಳನ್ನು ನೋಡಿ ಚಿಕ್ಕಮ್ಮ ಕೇಳಿದಳು, “ಯಾರ ಜೊತೆ ಜಗಳ?”

“ಜಗಳ ಇಲ್ಲ.”

“ಹಾಗಾದ್ರೆ ಇನ್ನೂ ಕಷ್ಟ. ಜಗಳ ಆಗಿದ್ರೆ ರಾಜಿ ಮಾಡ್ಕೋಬಹುದಿತ್ತು.”

ಚಿಕ್ಕಮ್ಮ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು.

ಕರೆ ಬಂದದ್ದು ಒಂದು ಮಧ್ಯಾಹ್ನ. ಹೊಸ ಕಟ್ಟಡದ ಹೊರಗೋಡೆಗೆ ಬಣ್ಣ ಹಚ್ಚುತ್ತಿದ್ದ ಪೇಂಟರ್‌ನ ತೂಗುಮಣೆ ಒಂದು ಕಡೆ ಕಳಚಿಕೊಂಡಿತ್ತು. ಮಣೆ ಗೋಡೆಗೆ ಬಡಿಯುತ್ತಿತ್ತು, ಮನುಷ್ಯ ಸೊಂಟದ ಪಟ್ಟಿಯಲ್ಲಿ ಜೋತಾಡುತ್ತಿದ್ದ. ಏಣಿಯ ಲಾರಿ ನುಗ್ಗಲು ಕೆಳಗೆ ಜಾಗವಿಲ್ಲ. ಮೇಲಿಂದಲೇ ಇಳಿಯಬೇಕು.

ತಾರಸಿಯ ಮೇಲೆ ಕ್ಯಾಪ್ಟನ್ ಬೇಗಬೇಗ ಕೆಲಸ ಹಂಚಿದರು. “ನರ್ಸ್ ಕೆಳಗೆ. ಪೇಂಟರ್ ಸಿಕ್ಕ ಮೇಲೆ ಇಬ್ಬರ ಭಾರ. ಗಡ್ಡದವ ಕಾವಲಿನ ಎರಡನೇ ಹಗ್ಗಕ್ಕೆ. ಮೇನ್ ಹಗ್ಗ ಬ್ರೇಕಕ್ಕ.”

“ಸರ್, ನಾನೂ ಗಡ್ಡದವನೂ ಅದಲುಬದಲಾದ್ರೆ...” ಎಂದಳು ಅವಳು.

“ನಂಗೆ ಅವರೇ ಬೇಕು,” ಎಂದ ನರ್ಸ್. ಕ್ಯಾಪ್ಟನ್‌ಗೆ ಹೇಳಿದ್ದು, ನೋಡುತ್ತಿದ್ದದ್ದು ಅವಳನ್ನು. “ಅವರಿಗೆ ಹೊಂದದಿದ್ರೂ ಪರವಾಗಿಲ್ಲ. ನಂಗೆ ಹೊಂದುತ್ತೆ.”

ಅವಳು ಕೈಗವಸು ಏರಿಸಿಕೊಂಡಳು. ಹಗ್ಗ ಹಾಕಿದಳು, ಚಿತ್ರದ ಮೇಲೆ ಬೆರಳಿಟ್ಟು ನೋಡಿದಳು, ಸಾಧನದ ಮುಚ್ಚಳ ಹಾಕಿ ಕೊಕ್ಕೆಯ ತಿರುಪು ಬಿಗಿದಳು. ಇಬ್ಬರ ಭಾರಕ್ಕೆ ಹಿಡಿತ ಹೆಚ್ಚಲೆಂದು, ಕೈ ಕಡೆಯ ಹಗ್ಗದ ಬಾಲವನ್ನು ಇನ್ನೊಂದು ಕೊಕ್ಕೆಯ ಮೂಲಕ ಹಾಯಿಸಿದಳು. ತುದಿಯಲ್ಲಿ ಗಂಟಿದೆಯೇ ಎಂದು ನೋಡಿದಳು. ಆಮೇಲೆ ಮೈಯ ಭಾರವೆಲ್ಲ ಹಾಕಿ ಜಗ್ಗಿದಳು. ಸಾಧನ ಗಪ್ಪನೆ ಕಚ್ಚಿತು. ಗಡ್ಡದವನನ್ನು ಕರೆದು, “ನೀನೂ ನೋಡು,” ಎಂದಳು. ಅವನು ನೋಡಿ ತಲೆಯಾಡಿಸಿದ.

ಬಲಗೈ ಹಗ್ಗದ ಬಾಲದ ಮೇಲೆ, ಎಡಗೈ ಸಾಧನದ ಹಿಡಿಕೆಯ ಮೇಲೆ. ಹಿಡಿಕೆ ಎಳೆದರೆ ಹಗ್ಗ ಹರಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ಬಲಗೈ ಬಿಡುವ ಹಾಗೇ ಇಲ್ಲ, ಆಕಾಶ ಕಳಚಿ ಬಿದ್ದರೂ.

ನರ್ಸ್ ಅಂಚು ದಾಟಿದ. ಕಂಡದ್ದು ಹೆಲ್ಮೆಟ್, ಆಮೇಲೆ ಅದೂ ಇಲ್ಲ. ಕಾಣದ ಮೇಲೆ ಹಗ್ಗವೇ ಅವನ ಸುದ್ದಿ ಹೇಳಬೇಕು. ಅವನು ಕಾಲು ಊರಿದ್ದು, ಗೋಡೆಯಿಂದ ದೂರ ಸರಿದದ್ದು, ಪೇಂಟರ್‌ನ ಕಡೆಗೆ ಕೈಚಾಚಿದ್ದು ಎಲ್ಲವೂ ನಡುಕದ ಹಾಗೆ ಅವಳ ಅಂಗೈಗೆ ಬರುತ್ತಿತ್ತು.

“ನಿಲ್ಲಿಸಿ,” ರೇಡಿಯೋದಲ್ಲಿ ಅವನ ದನಿ. ಹಿಡಿಕೆ ಬಿಟ್ಟಳು, ಹಗ್ಗ ನಿಂತಿತು. ಪೇಂಟರ್‌ನನ್ನು ನರ್ಸ್ ತನ್ನ ಪಟ್ಟಿಗೆ ಸಿಕ್ಕಿಸಿಕೊಂಡು, ಅವನ ಹಳೆಯ ಹಗ್ಗ ಕತ್ತರಿಸಿದಾಗ ಇಬ್ಬರ ಭಾರವೂ ಒಮ್ಮೆಲೇ ಬಂತು. ಹಗ್ಗ ಕಿರ್ರೆಂದಿತು.

“ಬೇಗ ಇಳಿಸಿ. ಇವನ ಮಾತು ತೊದಲ್ತಿದೆ. ಕಾಲು ತಣ್ಣಗಿದೆ. ಬೇಗ.”

ಅವನ ದನಿಯಲ್ಲಿ ಗಾಬರಿಯನ್ನು ಅವಳು ಕೇಳಿದ್ದು ಅದೇ ಮೊದಲು. ಕೈ ತನಗೆ ತಾನೇ ಅವಸರಪಟ್ಟಿತು. ಹಿಡಿಕೆಯನ್ನು ಎಳೆಯಬೇಕಾದ್ದಕ್ಕಿಂತ ಹೆಚ್ಚು ಎಳೆದಳು. ಅಂಥ ಅವಸರವನ್ನು ಆ ಸಾಧನ ಸಹಿಸುವುದಿಲ್ಲ. ಟಕ್ಕೆಂದು ಕಚ್ಚಿಕೊಂಡು ನಿಂತುಬಿಟ್ಟಿತು. ಕೆಳಗೆ ಇಬ್ಬರೂ ಜೋಲಿ ಹೊಡೆದರು.

“ಏನಾಯ್ತು?” ಎಂದರು ಕ್ಯಾಪ್ಟನ್ ಅಂಚಿನಿಂದ.

“ಏನಿಲ್ಲ ಸರ್. ಜೋರಾಗಿ ಎಳೆದೆ. ಈಗ ಸರಿ.”

ಅವಳು ಕಣ್ಣು ಮುಚ್ಚಿ ತೆರೆದಳು. ಹಿಡಿಕೆಯನ್ನು ಹಿಂದಕ್ಕೆ ತಂದಳು. ಮಗುವನ್ನು ಮಲಗಿಸುವವರು ತೋಳು ಕೆಳಗಿಳಿಸುವ ಹಾಗೆ ಮತ್ತೆ ತಿರುಗಿಸಿದಳು. ಹಗ್ಗ ಹರಿಯತೊಡಗಿತು.

“ಬೇಗ ಆಗಲ್ಲ,” ಎಂದಳು ರೇಡಿಯೋದಲ್ಲಿ. “ಆದ್ರೆ ಇನ್ನು ನಿಲ್ಲಲ್ಲ. ಕಾಲು ಅಗಲ ಮಾಡಿ ಗೋಡೆಗೆ ಊರ್ಕೋ. ಅವನ ಜೊತೆ ಮಾತಾಡ್ತಾ ಇರು. ನಿನ್ನ ನಾನು ಹಿಡಿದಿದ್ದೀನಿ.”

“ಸರಿ,” ಎಂದ, ಬಹಳ ಮೆತ್ತಗೆ. ಆಮೇಲೆ ಅವನು ಪೇಂಟರ್‌ಗೆ ಏನೋ ಕೇಳುವುದು, ಪೇಂಟರ್ ತನ್ನ ಮಗಳ ವಿಷಯ ತೊದಲುವುದು ತುಂಡುತುಂಡಾಗಿ ಕೇಳಿಸಿತು. ಹಗ್ಗ ಹರಿಯುತ್ತಲೇ ಇತ್ತು. ಕೊನೆಗೆ ಅಂಗೈಯಲ್ಲಿದ್ದ ಭಾರ ಪೂರ್ತಿ ಹೋಯಿತು.

“ನೆಲ,” ಎಂದ ಅವನು.

ಅವಳು ಬಲಗೈ ಬಿಡಲಿಲ್ಲ. ಗಡ್ಡದವನೇ ಬಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಸಂಜೆ ಅವಳು ಆಸ್ಪತ್ರೆಗೆ ಹೋದಳು. ಪೇಂಟರ್‌ನನ್ನು ನೋಡಲು ಎಂದು ತನಗೆ ತಾನೇ ಹೇಳಿಕೊಂಡಳು. ನರ್ಸ್ ಹೊರಗಿನ ಬೆಂಚಿನಲ್ಲಿ, ಮೈಗೆಲ್ಲ ಹಸಿರು ಬಣ್ಣ ಮೆತ್ತಿಕೊಂಡು ಕೂತಿದ್ದ.

“ಹೇಗಿದ್ದಾನೆ?”

“ಊಟ ಕೇಳ್ತಿದ್ದಾನೆ. ಇನ್ನೇನೂ ಭಯ ಇಲ್ಲ.” ಅವನು ಪಕ್ಕಕ್ಕೆ ಸರಿದು ಜಾಗ ಕೊಟ್ಟ. “ಒಂದು ಕೇಳ್ಲಾ? ಅವತ್ತು ನಾನೇನು ತಪ್ಪು ಮಾಡಿದೆ?”

“ನೀವೇನೂ ಮಾಡಿಲ್ಲ. ತಪ್ಪು ನನ್ನದು. ನಿಮ್ಮನ್ನ ನೋಡ್ತಾ ಹಗ್ಗ ಉಲ್ಟಾ ಹಾಕಿದೆ. ಚೆಕ್ ಮಾಡದೆ ಇದ್ದಿದ್ರೆ ನೀವು...” ಅವಳು ಬೆಂಚಿನ ತುದಿಯಲ್ಲಿ ಕೂತಳು. “ಪ್ರೀತಿಸೋರ ಪ್ರಾಣನ ನಡುಗೋ ಕೈಲಿ ಹಿಡೀಬಾರದು ಅನ್ನಿಸ್ತು. ಅದಕ್ಕೆ ಬಿಟ್ಟುಕೊಟ್ಟೆ.”

ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಅವಳಿಗೇ ಹೊಳೆಯಿತು.

ಅವನು ನಗಲಿಲ್ಲ. “ಬಿಟ್ಟುಕೊಟ್ಟಾಗ ನಾನು ಎಷ್ಟು ಕೆಳಗೆ ಬಿದ್ದೆ ಗೊತ್ತಾ? ಆ ಗೋಪುರ ಏನೂ ಅಲ್ಲ,” ಎಂದ. “ಇವತ್ತು ಎಲ್ಲರ ಕಿವಿಗೂ ಬೀಳೋ ಹಾಗೆ ನನ್ನ ‘ನೀನು’ ಅಂದ್ರಿ. ಈಗ ನಾನು ಮತ್ತೆ ‘ನೀವು’ ಆಗಿಬಿಟ್ಟೆ.”

“ರೇಡಿಯೋದಲ್ಲಿ ಚಿಕ್ಕದಾಗಿ ಮಾತಾಡಬೇಕು. ಅದಕ್ಕೆ.”

“ಬೆಂಚ್ ಮೇಲೆ?”

ಅವನು ಅವಳ ಬಲಗೈ ತೆಗೆದುಕೊಂಡು, ಕೈಗವಸಿದ್ದೂ ಕೆಂಪಗೆ ಗೀರು ಬಿದ್ದಿದ್ದ ಅಂಗೈಯನ್ನು ದೀಪಕ್ಕೆ ಹಿಡಿದು ನೋಡಿದ. ನರ್ಸ್ ನೋಡುವ ಹಾಗೆ ಶುರುಮಾಡಿದವನು ಬೇರೆ ಥರ ನೋಡಿ ಮುಗಿಸಿದ. ಕೈ ವಾಪಸ್ ಕೊಡಲಿಲ್ಲ. ಅವಳೂ ಕೇಳಲಿಲ್ಲ.

“ನಾಳೆ ಕ್ಯಾಪ್ಟನ್‌ಗೆ ನಿಜ ಹೇಳ್ತೀನಿ,” ಎಂದಳು. “ಅವರು ಏನು ತೀರ್ಮಾನ ಮಾಡಿದ್ರೂ ಒಪ್ಪಬೇಕು. ಇಬ್ಬರೂ.”

“ಒಪ್ಪಿದೆ.”

“ಹಸಿವಾಗಿದೆಯಾ ನಿನಗೆ?”

“ತುಂಬಾ.”

ಅವಳು ಎಡಗೈಯಲ್ಲೇ ಕಷ್ಟಪಟ್ಟು ಫೋನ್ ತೆಗೆದು ಮನೆಗೆ ಹಚ್ಚಿದಳು. “ಚಿಕ್ಕಮ್ಮ, ಊಟಕ್ಕೆ ಇನ್ನೊಬ್ಬರು ಬರ್ತಾರೆ.”

ಚಿಕ್ಕಮ್ಮ ಯಾರೆಂದು ಕೇಳಲಿಲ್ಲ. “ನಿಧಾನವಾಗಿ ಕರ್ಕೊಂಡು ಬಾ,” ಎಂದಳು. “ನಾನಿನ್ನೂ ಸೀರೆ ಬದಲಾಯಿಸಬೇಕು.”